ನಮ್ಮ ಸೀಮೆಯ ಬೌದ್ಧ–ಮುಸ್ಲಿಂ ಪರಂಪರೆ: ಕಾಯ್ದವರು ಯಾರು?

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಇತಿಹಾಸದ ವಿದ್ಯಾರ್ಥಿಯಲ್ಲ. ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಕಲಬುರಗಿಯಲ್ಲಿ ಬಿ.ಇ. ಮಾಡಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಮಾಹಿತಿಯನ್ನು ಕೆಡದಂತೆ ಕಾಯ್ದಿಡುವುದು, ಬೇಕಾದಾಗ ತೆಗೆದು ಓದುವಂತೆ ಮಾಡುವುದು ನನ್ನ ದಿನನಿತ್ಯದ ಕಸುಬು. ನಮ್ಮ ಭಾಗದ ಬೌದ್ಧ ಮತ್ತು ಮುಸ್ಲಿಂ ಪರಂಪರೆಯ ಬಗ್ಗೆ ಮಾತನಾಡಬೇಕು ಎಂದು ಗುರುಗಳು ಹೇಳಿದಾಗ, ನನ್ನ ಕಸುಬಿನ ಪ್ರಶ್ನೆಯನ್ನೇ ಇಲ್ಲಿಗೂ ತರಬಹುದು ಅನ್ನಿಸಿತು. ಇದೆಲ್ಲ ಇಷ್ಟು ವರ್ಷ ಹೇಗೆ ಉಳಿಯಿತು? ಕಾಯ್ದವರು ಯಾರು?

ಈ ಪ್ರಶ್ನೆಗೆ ಕಾರಣವಿದೆ. ನಮ್ಮ ಊರುಗಳಲ್ಲಿ ಈಗ ಒಂದು ರೂಢಿ ಬರುತ್ತಿದೆ. ಬುದ್ಧನ ಫೋಟೋ ಕಂಡರೆ ಅದು ಆ ಓಣಿಯದು, ದರ್ಗಾದ ಹಸಿರು ಬಟ್ಟೆ ಕಂಡರೆ ಅದು ಈ ಓಣಿಯದು, ನಮಗೇನು ಸಂಬಂಧ ಎನ್ನುತ್ತೇವೆ. ಮೊಬೈಲಿಗೆ ಬರುವ ಸಂದೇಶಗಳೂ ಅದನ್ನೇ ಹೇಳುತ್ತವೆ: ಇದು ನಿಮ್ಮದು, ಅದು ಅವರದು. ಆದರೆ ಈ ಸೀಮೆಯಲ್ಲಿ ಏನು ಉಳಿದಿದೆಯೋ ಅದರಲ್ಲಿ ಬಹಳಷ್ಟನ್ನು ಕಾಯ್ದವರು "ಅವರದು" ಎನ್ನಬಹುದಾಗಿದ್ದ ಜನರೇ. ಈ ಒಂದು ಮಾತನ್ನು ನಾಲ್ಕು ಉದಾಹರಣೆಗಳ ಮೂಲಕ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಸನ್ನತಿ. ಭೀಮಾ ನದಿಯ ದಂಡೆಯ ಮೇಲೆ, ಚಿತ್ತಾಪುರ ತಾಲ್ಲೂಕಿನಲ್ಲಿರುವ ಸನ್ನತಿ ನಮ್ಮೆಲ್ಲರಿಗೂ ಚಂದ್ರಲಾಂಬೆಯ ಕ್ಷೇತ್ರವಾಗಿಯೇ ಗೊತ್ತು. ಅಲ್ಲಿಯ ಐತಿಹ್ಯ ಅಜ್ಜಿಯರ ಬಾಯಲ್ಲಿ ಕೇಳಿದವರು ಇಲ್ಲಿ ಬಹಳ ಜನ ಇದ್ದೀರಿ. ಪತಿವ್ರತೆಯೊಬ್ಬಳನ್ನು ರಾಜನೊಬ್ಬ ಹೊತ್ತೊಯ್ದ, ಆಕೆಯ ಮೊರೆ ಕೇಳಿ ದೇವಿ ಬಂದಳು, ದುಂಬಿಗಳ ಹಿಂಡಾಗಿ ಎದ್ದು ಅವನ ಸೈನ್ಯವನ್ನು ನಾಶಮಾಡಿದಳು ಎಂಬುದು ಆ ಕಥೆ. ಆ ಕಥೆಯಲ್ಲಿ ಬುದ್ಧನಿಲ್ಲ, ಅಶೋಕನಿಲ್ಲ. ನೂರಾರು ವರ್ಷ ಆ ನೆಲದ ಮೇಲೆ ನಡೆದಾಡಿದ ಭಕ್ತರಿಗೆ ಕಾಲ ಕೆಳಗೆ ಏನಿದೆ ಎಂಬುದು ತಿಳಿದಿರಲಿಲ್ಲ.

1986ರಲ್ಲಿ ಆ ದೇವಸ್ಥಾನದ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿ ಕುಸಿಯಿತು. ಮೂರ್ತಿ ಭಗ್ನವಾಯಿತು. ಮೂರ್ತಿ ನಿಂತಿದ್ದ ಪೀಠದ ಕಲ್ಲನ್ನು ಪರೀಕ್ಷಿಸಿದಾಗ ಅದರ ಎರಡೂ ಮುಖದಲ್ಲಿ ಬ್ರಾಹ್ಮಿ ಲಿಪಿಯ ಅಕ್ಷರಗಳು ಕಂಡವು. ಭಾಷೆ ಪ್ರಾಕೃತ. ಅದು ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕ ಚಕ್ರವರ್ತಿಯ ಶಾಸನ. ಯಾವುದೋ ಕಾಲದಲ್ಲಿ ಯಾರೋ ಆ ಚಪ್ಪಡಿಯನ್ನು ತಂದು, ಮಧ್ಯದಲ್ಲಿ ಚೌಕ ತೂತು ಕೊರೆದು, ಮೂರ್ತಿಯನ್ನು ಅದರಲ್ಲಿ ನಿಲ್ಲಿಸಿದ್ದರು. ತೂತು ಕೊರೆದ ಜಾಗದ ಅಕ್ಷರಗಳು ಹೋದವು. ಉಳಿದ ಅಕ್ಷರಗಳು ದೇವಿಯ ಪಾದದ ಕೆಳಗೆ, ಮಳೆ ಬಿಸಿಲು ತಾಗದೆ, ಯಾರೂ ಕಿತ್ತು ಒಯ್ಯದೆ ಉಳಿದವು.

ಇದನ್ನು ಎರಡು ರೀತಿ ಹೇಳಬಹುದು. ಬೌದ್ಧ ರಾಜನ ಶಾಸನವನ್ನು ಕೆಡಿಸಿ ಪೀಠ ಮಾಡಿದರು ಎಂದು ಹೇಳಬಹುದು. ಪೀಠ ಮಾಡಿದ್ದರಿಂದಲೇ ಶಾಸನ ಉಳಿಯಿತು ಎಂದೂ ಹೇಳಬಹುದು. ಎರಡೂ ನಿಜ. ಆ ಕಲ್ಲನ್ನು ಅಲ್ಲಿ ಇಟ್ಟವರಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಹೇಳುವುದಾದರೆ ಫೈಲ್ ಇತ್ತು, ಅದನ್ನು ತೆರೆಯುವ ಪ್ರೋಗ್ರಾಂ ಕಳೆದುಹೋಗಿತ್ತು. ಬ್ರಾಹ್ಮಿ ಲಿಪಿಯನ್ನು ಓದುವ ಬಗೆ ದೇಶದಲ್ಲೇ ಮರೆತುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಓದಿ ತೋರಿಸುವ ತನಕ ಅಶೋಕನ ಅಕ್ಷರಗಳು ಬರೀ ಗೀರುಗಳಾಗಿದ್ದವು.

ಈಗ ಆ ಕಲ್ಲಿನ ಮೇಲೆ ಏನು ಬರೆದಿದೆ ಎಂಬುದನ್ನು ಕೇಳಿ. ಅದರ ಒಂದು ಮುಖದಲ್ಲಿ ಅಶೋಕನ 12ನೇ ಮತ್ತು 14ನೇ ಶಿಲಾಶಾಸನಗಳ ಭಾಗವಿದೆ. 12ನೇ ಶಾಸನದ ವಿಷಯವೇ ಬೇರೆ ಬೇರೆ ಪಂಥದವರು ಹೇಗೆ ಬಾಳಬೇಕು ಎಂಬುದು. ಅದರ ಸಾರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ: ಮಾತಿಗೆ ಹಿಡಿತವಿರಲಿ, ಕಾರಣವಿಲ್ಲದೆ ತನ್ನ ಪಂಥವನ್ನು ಹೊಗಳಿಕೊಂಡು ಇನ್ನೊಬ್ಬರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೆಡುಕು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು. ಈ ಮಾತು ನಮ್ಮ ಭೀಮಾ ತೀರದಲ್ಲಿ, ಕಾಳಿಯ ಪಾದದ ಕೆಳಗೆ ಇತ್ತು. ಅದನ್ನು ಕಾಯ್ದವರು ಬೌದ್ಧರಲ್ಲ, ದೇವಿಯ ಭಕ್ತರು.

ಸನ್ನತಿಯಿಂದ ಸ್ವಲ್ಪ ದೂರದಲ್ಲೇ ಕನಗನಹಳ್ಳಿ. ಅಲ್ಲಿ 1994ರಿಂದ ಭಾರತೀಯ ಪುರಾತತ್ವ ಇಲಾಖೆಯವರು ಅಗೆದಾಗ ದೊಡ್ಡ ಬೌದ್ಧ ಸ್ತೂಪದ ಅವಶೇಷ ಹೊರಬಂತು. ನಮ್ಮ ಕಡೆಯ ಸುಣ್ಣಕಲ್ಲಿನಲ್ಲಿ ಕೆತ್ತಿದ ಫಲಕಗಳು. ಅವುಗಳಲ್ಲಿ ಜಾತಕ ಕಥೆಗಳಿವೆ, ಶಾತವಾಹನ ಅರಸರಿದ್ದಾರೆ. ಒಂದು ಫಲಕದಲ್ಲಿ ರಾಜನೊಬ್ಬ ರಾಣಿಯ ಜೊತೆ ನಿಂತಿದ್ದಾನೆ, ಸೇವಕಿಯರು ಕೊಡೆ ಚಾಮರ ಹಿಡಿದಿದ್ದಾರೆ. ಮೇಲೆ "ರಾಯೋ ಅಸೋಕೋ" ಎಂದು ಬರೆದಿದೆ. ಹೆಸರಿನ ಸಮೇತ ಅಶೋಕನ ಶಿಲ್ಪ ನೋಡಬೇಕೆಂದರೆ ಜನ ಪಾಟಲಿಪುತ್ರಕ್ಕೆ ಹೋಗುವುದಿಲ್ಲ, ನಮ್ಮ ಹೊಲಗಳ ನಡುವೆ ಬರುತ್ತಾರೆ. ಮಕ್ಕಳೇ, ಪರೀಕ್ಷೆಯಲ್ಲಿ ಅಶೋಕನ ಬಗ್ಗೆ ಬರೆಯುವಾಗ ಇದನ್ನು ನೆನಪಿಡಿ.

ಎರಡನೆಯ ಉದಾಹರಣೆಗೆ ರಾಯಚೂರು ಜಿಲ್ಲೆಯ ಮಸ್ಕಿಗೆ ಹೋಗೋಣ. ಅಶೋಕನ ಬೇರೆ ಶಾಸನಗಳಲ್ಲಿ ಅವನನ್ನು "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂದು ಕರೆದಿತ್ತು. ಆ ದೇವಾನಾಂಪ್ರಿಯ ಅಶೋಕನೇ ಎಂದು ಕಲ್ಲಿನ ಸಾಕ್ಷಿ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ, 1915ರಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅದನ್ನು ಕಂಡವರು. ಆಗ ಮಸ್ಕಿ ಇದ್ದದ್ದು ಹೈದರಾಬಾದ್ ನಿಜಾಮರ ರಾಜ್ಯದಲ್ಲಿ, ನಮ್ಮ ಊರಿನ ಹಾಗೆಯೇ. ಅದಕ್ಕೆ ಒಂದು ವರ್ಷ ಮುಂಚೆ, 1914ರಲ್ಲಿ, ಆ ರಾಜ್ಯದಲ್ಲಿ ಪುರಾತತ್ವ ಇಲಾಖೆ ಆರಂಭವಾಗಿತ್ತು. ಅದರ ಮುಖ್ಯಸ್ಥರು ಗುಲಾಂ ಯಜ್ದಾನಿ. ಶಾಸನವನ್ನು ಓದಿ ಸಂಪಾದಿಸಿದವರು ಎಚ್. ಕೃಷ್ಣಶಾಸ್ತ್ರಿ. ಹೈದರಾಬಾದಿನ ಆ ಇಲಾಖೆಯ ಪ್ರಕಟಣಮಾಲೆಯಲ್ಲಿ ಮೊದಲ ಸಂಖ್ಯೆಯಾಗಿ ಹೊರಬಂದದ್ದು ಇದೇ ಮಸ್ಕಿ ಶಾಸನ. ಕಂಡವರು ಒಬ್ಬ ಇಂಗ್ಲಿಷ್ ಎಂಜಿನಿಯರ್, ಓದಿದವರು ಒಬ್ಬ ಶಾಸ್ತ್ರಿಗಳು, ಇಲಾಖೆಯ ಮುಖ್ಯಸ್ಥರು ಒಬ್ಬ ಮುಸ್ಲಿಂ ವಿದ್ವಾಂಸರು, ಶಾಸನ ಬೌದ್ಧ ರಾಜನದು. ಇದರಲ್ಲಿ ಯಾವ ಓಣಿಯ ಪಾಲು ಎಷ್ಟು ಎಂದು ಲೆಕ್ಕ ಹಾಕುವುದು?

ಯಜ್ದಾನಿಯವರ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ. ಅಜಂತಾ ಗುಹೆಗಳೂ ಆಗ ನಿಜಾಮರ ರಾಜ್ಯದಲ್ಲೇ ಇದ್ದವು. ಅಲ್ಲಿಯ ಬುದ್ಧನ ಚಿತ್ರಗಳು ಉದುರುತ್ತಿದ್ದವು. 1920ರಲ್ಲಿ ಇಟಲಿಯಿಂದ ತಜ್ಞರನ್ನು ಕರೆಸಿ ಬಣ್ಣದ ಪದರಗಳನ್ನು ಗೋಡೆಗೆ ಹಿಡಿದು ನಿಲ್ಲಿಸುವ ಕೆಲಸ ಮಾಡಿಸಿದರು. 1930ರಿಂದ 1955ರವರೆಗೆ ನಾಲ್ಕು ಭಾಗಗಳಲ್ಲಿ ಯಜ್ದಾನಿಯವರು ಅಜಂತಾದ ಚಿತ್ರಗಳನ್ನು ಪ್ರಕಟಿಸಿದರು. ಅವರೇ ನಮ್ಮ ಬೀದರಿನ ಕೋಟೆ, ಗುಂಬಜ್, ಮದರಸಾಗಳ ಬಗ್ಗೆಯೂ ದೊಡ್ಡ ಗ್ರಂಥ ಬರೆದರು. ನಮಾಜು ಮಾಡುವ ಮನುಷ್ಯ ತನ್ನ ಆಯುಷ್ಯದ ಬಹುಪಾಲನ್ನು ಬುದ್ಧನ ಮುಖದ ಬಣ್ಣ ಉಳಿಸಲು ಕೊಟ್ಟರು. ಅವರ ನಂಬಿಕೆಗೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಮೂರನೆಯ ಉದಾಹರಣೆ ನಮ್ಮ ಸೀಮೆಯದಲ್ಲ, ಆದರೂ ಹೇಳಲೇಬೇಕು, ಏಕೆಂದರೆ ಕಾಯುವ ಕೆಲಸ ಕಲ್ಲಿಗಷ್ಟೇ ಅಲ್ಲ, ಕಥೆಗೂ ಉಂಟು. ರಾಜಕುಮಾರ ಸಿದ್ಧಾರ್ಥ ಅರಮನೆ ಬಿಟ್ಟು ಹೊರಟ ಕಥೆ ಅರಬ್ಬೀ ಭಾಷೆಗೆ ಹೋಗಿತ್ತು. ಅಲ್ಲಿ "ಬೋಧಿಸತ್ವ" ಎಂಬ ಮಾತು "ಬೂದಾಸಫ್" ಆಯಿತು. ಬಿಲವ್ಹರ್ ಎಂಬ ಗುರು ಮತ್ತು ಬೂದಾಸಫ್ ಎಂಬ ರಾಜಕುಮಾರನ ಕಥೆಯಾಗಿ ಮುಸ್ಲಿಂ ಓದುಗರು ಅದನ್ನು ಓದಿದರು. ಅಲ್ಲಿಂದ ಅದು ಜಾರ್ಜಿಯನ್, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ದಾಟಿ, ಆ ರಾಜಕುಮಾರ ಜೋಸಫಾತ್ ಎಂಬ ಹೆಸರಿನಲ್ಲಿ ಕ್ರೈಸ್ತರ ಸಂತರ ಪಟ್ಟಿಗೂ ಸೇರಿದ. 14ನೇ ಶತಮಾನದ ಆರಂಭದಲ್ಲಿ ಇರಾನಿನ ಮಂತ್ರಿ ರಶೀದುದ್ದೀನ್ ಜಗತ್ತಿನ ಚರಿತ್ರೆ ಬರೆಸಿದಾಗ ಕಾಶ್ಮೀರದ ಭಿಕ್ಷು ಕಮಲಶ್ರೀಯ ನೆರವು ಪಡೆದು ಬುದ್ಧನ ಜೀವನವನ್ನೂ ಅದರಲ್ಲಿ ಸೇರಿಸಿದ. ಹೆಸರು ಬದಲಾಯಿತು, ವೇಷ ಬದಲಾಯಿತು, ಅರಮನೆ ಬಿಟ್ಟು ಹೊರಟ ಹುಡುಗ ಮಾತ್ರ ಹಾಗೆಯೇ ಉಳಿದ.

ಈಗ ನಾಲ್ಕನೆಯದಕ್ಕೆ, ಮತ್ತೆ ನಮ್ಮ ನೆಲಕ್ಕೆ ಬರೋಣ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ಕಲಬುರಗಿ ಅದರ ರಾಜಧಾನಿಯಾಯಿತು. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿಯಾ ಮಸೀದಿಯನ್ನು ನೀವು ನೋಡಿರಬೇಕು. ಸಾಮಾನ್ಯವಾಗಿ ಮಸೀದಿಯ ಮಧ್ಯೆ ಇರುವ ತೆರೆದ ಅಂಗಳ ಅಲ್ಲಿಲ್ಲ, ಇಡೀ ಕಟ್ಟಡಕ್ಕೆ ಮೇಲ್ಛಾವಣಿಯಿದೆ. ನಂತರ, ಸುಮಾರು 1400ರ ಹೊತ್ತಿಗೆ, ದೆಹಲಿಯಿಂದ ಒಬ್ಬ ವೃದ್ಧ ಸೂಫಿ ಈ ಊರಿಗೆ ಬಂದರು. ಸೈಯದ್ ಮಹಮ್ಮದ್ ಹುಸೇನಿ ಅವರ ಹೆಸರು, ವಯಸ್ಸು ಎಂಬತ್ತರ ಆಸುಪಾಸು. ನಮಗೆಲ್ಲ ಅವರು ಖಾಜಾ ಬಂದೇನವಾಜ್. 1422ರಲ್ಲಿ ಇಲ್ಲೇ ದೇಹಬಿಟ್ಟರು.

ಅವರಿಗೆ "ಗೇಸುದರಾಜ್", ಅಂದರೆ ನೀಳಕೇಶಿ, ಎಂಬ ಹೆಸರೂ ಉಂಟು. ಅದರ ಹಿಂದಿನ ಐತಿಹ್ಯ ಹೀಗಿದೆ. ಯುವಕನಾಗಿದ್ದಾಗ ಗುರುವಿನ ಪಲ್ಲಕ್ಕಿಗೆ ಹೆಗಲು ಕೊಟ್ಟಿದ್ದರಂತೆ. ಉದ್ದ ಕೂದಲು ಪಲ್ಲಕ್ಕಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ನಿಂತರೆ ಗುರುವಿಗೆ ತೊಂದರೆಯಾದೀತು ಎಂದು ನೋವು ನುಂಗಿ ದಾರಿಯುದ್ದಕ್ಕೂ ನಡೆದರಂತೆ. ಗುರುಭಕ್ತಿಯ ಇಂಥ ಕಥೆ ನಮ್ಮ ಯಾವ ಮಠದಲ್ಲಿ ಹೇಳಿದರೂ ಒಪ್ಪುತ್ತದೆ. ಅದಕ್ಕೇ ಕಲಬುರಗಿಗೆ ಹೋದವರು ಶರಣಬಸವೇಶ್ವರ ಗುಡಿಗೂ ಹೋಗುತ್ತಾರೆ, ದರ್ಗಾಕ್ಕೂ ಹೋಗುತ್ತಾರೆ. ಎರಡೂ ಕಡೆ ತೆಂಗಿನಕಾಯಿ, ಹೂವು, ಸಕ್ಕರೆ ಕೊಳ್ಳುವ ಅದೇ ಕೈಗಳು.

ಇಲ್ಲಿ ಸಾಧನೆಯ ಬಗ್ಗೆ ಒಂದು ಮಾತು. ಬೌದ್ಧರಲ್ಲಿ ಉಸಿರಿನ ಮೇಲೆ ಗಮನವಿಟ್ಟು ಕೂರುವ ಧ್ಯಾನವಿದೆ. ಚಿಶ್ತಿ ಸೂಫಿಗಳಲ್ಲೂ ಉಸಿರಿನ ಜೊತೆ ದೇವರ ನಾಮ ಸ್ಮರಿಸುವ ಜಿಕ್ರ್ ಇದೆ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ; ಒಬ್ಬರು ದೇವರನ್ನು ನೆನೆಯುತ್ತಾರೆ, ಇನ್ನೊಬ್ಬರು ಮನಸ್ಸನ್ನು ನೋಡುತ್ತಾರೆ. ಆದರೆ ಓದು ಬಾರದವರನ್ನೂ ತಲುಪಬೇಕು ಎಂಬ ಕಾಳಜಿ ಇಬ್ಬರಲ್ಲೂ ಇತ್ತು. ಕನಗನಹಳ್ಳಿಯ ಸ್ತೂಪದ ಸುತ್ತ ನಡೆಯುವ ಒಕ್ಕಲಿಗ ಫಲಕದ ಚಿತ್ರ ನೋಡಿಯೇ ಜಾತಕ ಕಥೆ ತಿಳಿಯಬಹುದಿತ್ತು. ದಖನಿನ ಸೂಫಿಗಳು ಚಕ್ಕಿನಾಮಾ, ಚರಖಾನಾಮಾ ಎಂಬ ಹಾಡುಗಳನ್ನು ದಖನಿ ಭಾಷೆಯಲ್ಲಿ ಕಟ್ಟಿದರು. ಬೀಸುವ ಕಲ್ಲಿನ ಮುಂದೆ, ನೂಲುವ ರಾಟೆಯ ಮುಂದೆ ಹೆಂಗಸರು ಹಾಡಿಕೊಳ್ಳಲೆಂದು. ಬೀಸುವ ಪದ ಹಾಡುತ್ತಾ ಜೋಳ ಬೀಸಿದ ತಾಯಂದಿರು ಇಲ್ಲಿ ಇದ್ದೀರಿ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ. ಅವನ ಸಮಾಧಿ ಬೀದರಿನ ಹತ್ತಿರ ಅಷ್ಟೂರಿನಲ್ಲಿದೆ. ಜನ ಅವನನ್ನು ವಲಿ, ಅಂದರೆ ಸಂತ, ಎಂದು ಕರೆದರು. ಲಿಂಗಾಯತ ಭಕ್ತರು ಅವನಲ್ಲಿ ಅಲ್ಲಮಪ್ರಭುವಿನ ಅವತಾರ ಕಂಡರು. ಇವತ್ತಿಗೂ ಅಲ್ಲಿಯ ಉರುಸಿಗೆ ಕಲಬುರಗಿ ಜಿಲ್ಲೆಯ ಕಡೆಯಿಂದ ಒಬ್ಬ ಜಂಗಮರು ಭಕ್ತರೊಂದಿಗೆ ಕಾಲ್ನಡಿಗೆಯಲ್ಲಿ ಬರುತ್ತಾರೆ, ಅವರು ಬಂದ ಮೇಲೆಯೇ ಉರುಸು ಕಳೆಗಟ್ಟುತ್ತದೆ. ಸುಲ್ತಾನನ ನೆನಪನ್ನು ಜಂಗಮರು ಕಾಯುತ್ತಿದ್ದಾರೆ. ಸುರಪುರ ತಾಲ್ಲೂಕಿನ ತಿಂಥಣಿಯಲ್ಲಿ ಮೌನೇಶ್ವರರ ಜಾತ್ರೆಗೆ ಎರಡೂ ಸಮುದಾಯದವರು ಹೋಗುವುದನ್ನು ನೀವೇ ನೋಡಿದ್ದೀರಿ. ಇನ್ನು ಮೊಹರಂ! ಒಂದೂ ಮುಸ್ಲಿಂ ಮನೆಯಿಲ್ಲದ ಊರುಗಳಲ್ಲೂ ಅಲಾವಿ ತೋಡಿ, ಪಂಜಾ ಕೂರಿಸಿ, ಹೆಜ್ಜೆ ಹಾಕಿ, ಕನ್ನಡದಲ್ಲಿ ರಿವಾಯತ್ ಪದ ಹಾಡುವುದು ನಮ್ಮ ಭಾಗದ ರೂಢಿ. ಅರಬ್ಬರ ನಾಡಿನ ಕರ್ಬಲಾದ ದುಃಖವನ್ನು ಕನ್ನಡದಲ್ಲಿ ಅತ್ತವರು ನಾವು.

ಎಲ್ಲವೂ ಹಾಲು ಸಕ್ಕರೆಯಂತೆ ಇತ್ತು ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಬಹಮನಿಗಳಿಗೂ ವಿಜಯನಗರಕ್ಕೂ ರಾಯಚೂರಿನ ದೋಆಬಿಗಾಗಿ ಮತ್ತೆ ಮತ್ತೆ ಯುದ್ಧ ನಡೆಯಿತು. ಆ ಯುದ್ಧದಲ್ಲಿ ಸತ್ತವರು, ಬೆಳೆ ಕಳೆದುಕೊಂಡವರು ನಮ್ಮ ಪೂರ್ವಿಕರೇ. ಬಂದೇನವಾಜರನ್ನು ಬರಮಾಡಿಕೊಂಡ ಫಿರೋಜ್ ಷಾನಿಗೂ ಅವರಿಗೂ ಮುಂದೆ ಮನಸ್ತಾಪ ಬಂತು. ಆದರೆ ರಾಜರ ಜಗಳ ರಾಜರ ಜೊತೆ ಹೋಯಿತು. ಊರಿನವರು ಪ್ರತಿವರ್ಷ ಮಾಡಿದ್ದು ಉಳಿಯಿತು.

ಬುದ್ಧನೂ ಈ ಸೀಮೆಯಲ್ಲಿ ಬರೀ ಕಲ್ಲಾಗಿ ಉಳಿದಿಲ್ಲ. 1956ರ ಅಕ್ಟೋಬರ್ 14ರಂದು ಡಾ. ಬಿ.ಆರ್. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದ ಮೇಲೆ ನಮ್ಮ ಊರುಗಳ ಮನೆಗಳಿಗೂ ಬುದ್ಧ ಮತ್ತೆ ಬಂದ. 2009ರಲ್ಲಿ ಕಲಬುರಗಿಯಲ್ಲಿ ಬುದ್ಧ ವಿಹಾರವೂ ಉದ್ಘಾಟನೆಯಾಯಿತು. ಸಾವಿರಾರು ವರ್ಷಗಳ ಹಿಂದೆ ಕನಗನಹಳ್ಳಿಯಲ್ಲಿ ಕಟ್ಟಿದ್ದಕ್ಕೆ ವಾರಸುದಾರರು ಯಾರು ಎಂದರೆ, ಬುದ್ಧನನ್ನು ಘನತೆಗಾಗಿ ಅಪ್ಪಿಕೊಂಡ ಆ ಓಣಿಯ ಜನ ಖಂಡಿತ ಮೊದಲು ನಿಲ್ಲುತ್ತಾರೆ. ಆದರೆ ಅವರಷ್ಟೇ ಅದನ್ನು ಕಾಯಬೇಕು ಎಂದು ಉಳಿದವರು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಈಗ ನಮ್ಮ ಸರದಿ. ಮೊಹರಂ ಪದ ಬಲ್ಲ ಹಿರಿಯರು ನಮ್ಮ ಸುತ್ತಲಿನ ಊರುಗಳಲ್ಲಿ ಕಡಿಮೆಯಾಗುತ್ತಿದ್ದಾರೆ. "ನಮ್ಮವರು ಪಂಜಾ ಯಾಕೆ ಹಿಡಿಯಬೇಕು" ಎಂದು ಕೇಳುವ ಹುಡುಗರು ಒಂದು ಕಡೆ, "ಹಲಗೆ ಬಾರಿಸಿ ಕುಣಿಯುವುದು ನಮ್ಮ ಧರ್ಮದಲ್ಲಿಲ್ಲ" ಎನ್ನುವ ಹುಡುಗರು ಇನ್ನೊಂದು ಕಡೆ. ಇಬ್ಬರಿಗೂ ತಮ್ಮ ನಂಬಿಕೆಯ ಹಕ್ಕಿದೆ, ಯಾರನ್ನೂ ಒತ್ತಾಯಿಸಬಾರದು. ಆದರೆ ಇಬ್ಬರೂ ಸೇರಿ ಬಾಗಿಲು ಹಾಕಿದರೆ ಒಳಗೆ ಏನಿತ್ತು ಎಂಬುದನ್ನು ಮುಂದಿನವರು ಕೇಳುವುದಕ್ಕೂ ಯಾರೂ ಇರುವುದಿಲ್ಲ. ಬ್ರಾಹ್ಮಿ ಲಿಪಿ ಮರೆತುಹೋದದ್ದು ಹಾಗೆಯೇ. ಯಾರೂ ಅದನ್ನು ಕೊಲ್ಲಲಿಲ್ಲ, ಕಲಿಸುವವರೂ ಕಲಿಯುವವರೂ ಇಲ್ಲವಾದರು.

ಆದ್ದರಿಂದ ಈ ಐವತ್ತು ವರ್ಷದ ಸಂಭ್ರಮದಲ್ಲಿ ಮೂರು ಕೆಲಸಗಳನ್ನು ಕೇಳಿಕೊಳ್ಳುತ್ತೇನೆ.

ಒಂದು, ನಮ್ಮ ಶಾಲೆಯ ಮಕ್ಕಳು ಊರಿನ ಮತ್ತು ಸುತ್ತಲಿನ ಹಳ್ಳಿಗಳ ಪ್ರತಿಯೊಂದು ಶಾಸನ, ವೀರಗಲ್ಲು, ಒಡೆದ ಮೂರ್ತಿ, ಹಳೆಯ ಗೋರಿ, ಗುಮ್ಮಟಗಳ ಫೋಟೋ ತೆಗೆದು, ಎಲ್ಲಿದೆ, ಜನ ಅದರ ಬಗ್ಗೆ ಏನು ಕಥೆ ಹೇಳುತ್ತಾರೆ ಎಂದು ಬರೆದಿಡಲಿ. ಕಥೆ ಸುಳ್ಳು ಎನ್ನಿಸಿದರೂ ಬರೆಯಿರಿ. ಸನ್ನತಿಯಲ್ಲಿ ಕಲ್ಲು ಕಾಯ್ದದ್ದು ದೇವಿಯ ಮೇಲಿನ ಭಕ್ತಿ ಎಂಬುದನ್ನು ಮರೆಯಬೇಡಿ. ಇದಕ್ಕೆ ಬೇಕಾದ ಸಾಫ್ಟ್‌ವೇರನ್ನು ನಾನು ಮತ್ತು ನನ್ನ ತರಗತಿಯ ಇಬ್ಬರು ಗೆಳೆಯರು ಉಚಿತವಾಗಿ ಮಾಡಿಕೊಡುತ್ತೇವೆ. ಹೊಲ ಉಳುವಾಗ ಅಕ್ಷರದ ಕಲ್ಲು ಸಿಕ್ಕರೆ ಬದುವಿಗೆ ಹಾಕಬೇಡಿ, ಆಯಿಲ್ ಪೇಂಟ್ ಬಳಿಯಬೇಡಿ. ಶಾಲೆಗೆ ಹೇಳಿ, ತಹಶೀಲ್ದಾರರಿಗೆ ಮತ್ತು ಪುರಾತತ್ವ ಇಲಾಖೆಗೆ ತಿಳಿಸೋಣ.

ಎರಡು, ರಿವಾಯತ್ ಪದ, ಬೀಸುವ ಪದ, ತತ್ವಪದ ಬಲ್ಲ ಅಜ್ಜ ಅಜ್ಜಿಯರನ್ನು ಈ ವರ್ಷವೇ ಮೊಬೈಲಿನಲ್ಲಿ ರೆಕಾರ್ಡ್ ಮಾಡೋಣ. ಮುಂದಿನ ವರ್ಷ ಎನ್ನುವುದು ಬೇಡ.

ಮೂರು, ಪ್ರತಿವರ್ಷ ಒಂಬತ್ತನೇ ತರಗತಿಗೆ ಎರಡು ದಿನದ ಪ್ರವಾಸ ಇರಲಿ. ಮೊದಲ ದಿನ ಸನ್ನತಿ, ಕನಗನಹಳ್ಳಿ. ಎರಡನೇ ದಿನ ಕಲಬುರಗಿಯ ಕೋಟೆ, ದರ್ಗಾ, ಶರಣಬಸವೇಶ್ವರ ಗುಡಿ, ಬುದ್ಧ ವಿಹಾರ. ಎಲ್ಲ ಓಣಿಯ ಮಕ್ಕಳೂ ಒಂದೇ ಬಸ್ಸಿನಲ್ಲಿ ಹೋಗಲಿ. ಹಳೆಯ ವಿದ್ಯಾರ್ಥಿಗಳು ಸೇರಿದರೆ ಬಸ್ಸಿನ ಖರ್ಚು ದೊಡ್ಡದಲ್ಲ. ಮೊದಲ ವರ್ಷದ್ದನ್ನು ನಾನು ಕೊಡುತ್ತೇನೆ.

ನಮ್ಮದು ಯಾವುದು ಎಂಬ ಪ್ರಶ್ನೆಗೆ ನನಗೆ ತೋಚುವ ಉತ್ತರ ಇಷ್ಟೆ: ನಾವು ಕಾಯ್ದದ್ದು ನಮ್ಮದು. ಈ ಶಾಲೆಯ ಗೋಡೆಗಳನ್ನು ಕಟ್ಟಿದವರು, ಜಾಗ ಕೊಟ್ಟವರು, ಪಾಠ ಹೇಳಿದವರು ಎಲ್ಲ ಓಣಿಯವರೂ ಹೌದು. ಐವತ್ತು ವರ್ಷ ಇದನ್ನು ಹಾಗೆ ಕಾಯ್ದುಕೊಂಡು ಬಂದ ಊರಿಗೆ ಈ ಮಾತು ಹೊಸದಲ್ಲ.